ಲೇಯರ್‌ಗಳನ್ನು ಜಾರದಂತೆ ಸಾಗಿಸಿದ ಬಗೆ: ಆಲ್ಬಮ್ ಡಿಸೈನಿನಲ್ಲಿ ನನ್ನ ಅನುಭವ

ಮದುವೆ ಆಲ್ಬಮ್‌ನ ಶೀಟಿನಲ್ಲಿ ಕೂರಿಸಿದ ಚೌಕಟ್ಟು, ಹೆಸರು, ದಿನಾಂಕ, ಬಳ್ಳಿಯ ಅಲಂಕಾರಗಳ ಲೇಯರ್‌ಗಳನ್ನು (ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳಂಥ ಪದರಗಳನ್ನು) ಫೋಟೋಶಾಪ್‌ನಲ್ಲಿ ಬೇರೆ ಅಳತೆಯ ಫೈಲಿಗೆ ಕೂದಲೆಳೆಯಷ್ಟೂ ಜಾರದಂತೆ ಒಯ್ಯಬಹುದು ಎಂದಾಗ ನಮ್ಮೂರಿನ ಡಿಸೈನರ್ ಗೆಳೆಯರು ಒಪ್ಪಿರಲಿಲ್ಲ. ಸ್ಮಾರ್ಟ್ ಆಬ್ಜೆಕ್ಟ್ (ಹಲವು ಲೇಯರ್‌ಗಳನ್ನು ಒಳಗಿಟ್ಟುಕೊಂಡು ಒಂದೇ ಲೇಯರಿನಂತೆ ಇರುವ ಡಬ್ಬಿ) ಮಾಡಿದರೆ ಫೈಲ್ ಭಾರವಾಗಿ ಸಿಸ್ಟಮ್ ಹ್ಯಾಂಗ್ ಆಗುತ್ತದೆ, ಮೂವ್ ಟೂಲ್‌ನಲ್ಲಿ ಎಳೆದು ತಂದು ಕಣ್ಣಳತೆಯಲ್ಲಿ ಹೊಂದಿಸುವುದೇ ಬೇಗ ಎಂಬುದು ಅವರ ವಾದವಾಗಿತ್ತು. ಕಳೆದ ಎರಡು ಸೀಸನ್‌ಗಳಲ್ಲಿ ಸುಮಾರು 60 ಆಲ್ಬಮ್‌ಗಳನ್ನು ನನ್ನ ಕ್ರಮದಲ್ಲೇ ಮುಗಿಸಿದ್ದೇನೆ. ಅಳತೆ ತಪ್ಪಿತೆಂದು ಒಂದೂ ಲ್ಯಾಬ್‌ನಿಂದ ಹಿಂದಿರುಗಿಲ್ಲ.

ನನ್ನ ನಿತ್ಯದ ಕೆಲಸ 12×36 ಇಂಚಿನ ಶೀಟ್, ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಶನ್, ಅಂದರೆ 10800×3600 ಪಿಕ್ಸೆಲ್. ಅದರೊಂದಿಗೆ 4×12 ಇಂಚಿನ ಮಿನಿ ಬುಕ್ ಕೊಡುತ್ತೇನೆ. ಇಮೇಜ್ ಸೈಜ್‌ನಲ್ಲಿ ಪೂರ್ತಿ ಶೀಟಿನ ಅಳತೆಯನ್ನೇ ಇಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಿನಿ ಬುಕ್‌ನಲ್ಲಿ ಹಿನ್ನೆಲೆಯೂ ಫೋಟೋಗಳೂ ಬೇರೆಯಾದ್ದರಿಂದ ಅಲಂಕಾರ ಮಾತ್ರ ಅಲ್ಲಿಗೆ ಹೋಗಬೇಕು. ಶಿಫ್ಟ್ ಒತ್ತಿ ಎಳೆದರೆ ಎರಡೂ ಫೈಲ್ ಒಂದೇ ಅಳತೆಯಲ್ಲಿದ್ದಾಗ ಮಾತ್ರ ಲೇಯರ್ ತನ್ನ ಜಾಗದಲ್ಲೇ ಕೂರುತ್ತದೆ; ಅಳತೆ ಬೇರೆಯಾದರೆ ನಟ್ಟನಡುವೆ ಬಂದು ಬೀಳುತ್ತದೆ. ಪ್ರತಿ ಶೀಟಿಗೂ ಹೀಗೆ ಹೊಂದಿಸುತ್ತ ಒಂದು ಆಲ್ಬಮ್‌ಗೆ ಎರಡು ಸಂಜೆ ಕಳೆಯುತ್ತಿದ್ದೆ.

ಜಾಗಕ್ಕಿಂತ ಹೆಚ್ಚು ಕಾಡಿದ್ದು ನೆರಳು. ಮೂಲ ಫೈಲಿನಲ್ಲಿ ಎಡ ಮೇಲಿನಿಂದ ಬೆಳಕು ಬಿದ್ದು ಚೌಕಟ್ಟಿನ ನೆರಳು ಬಲಕ್ಕಿದ್ದರೆ, ಹೊಸ ಫೈಲಿಗೆ ಬಂದ ಕೂಡಲೇ ಅದು ಎಡಕ್ಕೆ ತಿರುಗಿರುತ್ತಿತ್ತು. ನೆರಳು ಕೊಡುವ ಡ್ರಾಪ್ ಶ್ಯಾಡೋದಲ್ಲಿ ಗ್ಲೋಬಲ್ ಲೈಟ್ (ಇಡೀ ಫೈಲಿಗೆ ಒಂದೇ ಬೆಳಕಿನ ಕೋನ) ಗುರುತು ಉಳಿದಿದ್ದರೆ ಲೇಯರ್ ತಾನು ಹೊಕ್ಕ ಫೈಲಿನ ಕೋನವನ್ನೇ ಹಿಡಿಯುತ್ತದೆ ಎಂಬುದು ಹೊಳೆಯಲು ನನಗೆ ಒಂದು ಸೀಸನ್ ಬೇಕಾಯಿತು. ಅಂಚಿನ ಸುತ್ತ ಗೆರೆ ಎಳೆಯುವ ಸ್ಟ್ರೋಕ್‌ನದೂ ಇದೇ ಕಥೆ: ಲೇಯರನ್ನು ಮೂರನೆಯ ಒಂದು ಪಾಲಿಗೆ ಕುಗ್ಗಿಸಿದರೂ 9 ಪಿಕ್ಸೆಲ್‌ನ ಗೆರೆ 9 ಆಗಿಯೇ ಉಳಿದು, ಸಣ್ಣ ಹೆಸರಿನ ಸುತ್ತ ದಪ್ಪ ಬೇಲಿಯಂತೆ ಕಾಣುತ್ತಿತ್ತು.

ನಾನು ಕಂಡುಕೊಂಡ ದಾರಿ ಇದು. ಸಾಗಿಸಬೇಕಾದ ಲೇಯರ್‌ಗಳನ್ನೆಲ್ಲ ಗ್ರೂಪ್ ಮಾಡಿ, ಅದರೊಳಗೆ ಕ್ಯಾನ್ವಾಸ್‌ನ ನಾಲ್ಕು ಮೂಲೆಗಳಲ್ಲಿ ಒಂದೊಂದು ಪಿಕ್ಸೆಲ್‌ನ ಚುಕ್ಕೆ ಇಡುತ್ತೇನೆ. ನಾನು ಅವನ್ನು ಮೊಳೆ ಎನ್ನುತ್ತೇನೆ. ಬಳಿಕ ಗ್ರೂಪನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿದರೆ ಅದರ ಅಂಚು ಅಲಂಕಾರದ ಅಂಚಿಗೆ ನಿಲ್ಲದೆ ಪೂರ್ತಿ ಕ್ಯಾನ್ವಾಸ್‌ನ ಅಂಚಾಗುತ್ತದೆ. ಹೊಸ ಫೈಲಿಗೆ ಎಳೆದು, ಸ್ನ್ಯಾಪ್ (ಅಂಚಿಗೆ ತಾನೇ ಅಂಟಿಕೊಳ್ಳುವ ಆಯ್ಕೆ) ಹಾಕಿಕೊಂಡು, ಅಳತೆ ಬದಲಿಸುವ ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಮೂಲೆಗೆ ಮೂಲೆ ಕೂಡಿಸಿದರೆ ಒಳಗಿನದೆಲ್ಲವೂ ತನ್ನ ಜಾಗಕ್ಕೆ ತಾನೇ ಬರುತ್ತದೆ. ಶೇಕಡಾ 33.33 ಎಂದು ಟೈಪ್ ಮಾಡಬಾರದು, ಪಿಕ್ಸೆಲ್‌ನ ಸುಮಾರು ಮೂರನೆಯ ಒಂದು ಪಾಲಿನಷ್ಟು ಸವೆಯುತ್ತದೆ. ನೆರಳು, ಸ್ಟ್ರೋಕ್ ಎಲ್ಲವೂ ಒಳಗೇ ಇರುವುದರಿಂದ ಅನುಪಾತದಲ್ಲೇ ಕುಗ್ಗುತ್ತವೆ, ಕೋನವೂ ಬದಲಾಗುವುದಿಲ್ಲ. ಮೊಳೆಗಳು ಕಣ್ಣಿಗೆ ಬೀಳದಂತೆ ಯಾವ ಬಣ್ಣದಲ್ಲಿ, ಎಷ್ಟು ಒಪ್ಯಾಸಿಟಿಯಲ್ಲಿ (ಗಾಢತೆಯಲ್ಲಿ) ಇಡುತ್ತೇನೆ, 40 ಶೀಟುಗಳಿಗೆ ಒಂದೇ ಆಕ್ಷನ್ (ದಾಖಲಿಸಿಟ್ಟ ಹೆಜ್ಜೆಗಳ ಸರಣಿ) ಹೇಗೆ ಓಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಗಂಟು.

ಎರಡು ಕಡೆ ಈ ಕ್ರಮ ನನ್ನನ್ನು ಕೆಡವಿತು. ಸ್ಕ್ರೀನ್ ಮೋಡ್‌ನಲ್ಲಿದ್ದ (ಕಪ್ಪು ಮಾಯವಾಗಿ ಬೆಳಕು ಮಾತ್ರ ಕೆಳಗಿನದಕ್ಕೆ ಬೆರೆಯುವ) ಬೆಳಕಿನ ಚುಕ್ಕಿಗಳ ಲೇಯರನ್ನೂ ಗ್ರೂಪಿಗೆ ಸೇರಿಸಿದ್ದೆ. ಸ್ಮಾರ್ಟ್ ಆಬ್ಜೆಕ್ಟ್‌ನ ಒಳಗೆ ಅದರ ಕೆಳಗೆ ಬೆರೆಯಲು ಏನೂ ಇಲ್ಲದ ಕಾರಣ ಫೋಟೋಗಳ ಮೇಲೆ ಕಪ್ಪು ಪರದೆ ಎಳೆದಂತಾಯಿತು. ಅಂಥ ಲೇಯರ್‌ಗಳನ್ನು ಈಗ ಹೊರಗೆ ಇಟ್ಟು ಪ್ರತ್ಯೇಕವಾಗಿ ಒಯ್ಯುತ್ತೇನೆ.

ಇನ್ನೊಂದರಲ್ಲಿ ಹಣವೇ ಹೋಯಿತು. ಅದೇ ಅಲಂಕಾರವನ್ನು ಲಗ್ನಪತ್ರಿಕೆಯ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳಾದ ಸಯಾನ್, ಮೆಜೆಂತಾ, ಹಳದಿ, ಕಪ್ಪು) ಫೈಲಿಗೆ ಹಾಕಿ ಆಫ್‌ಸೆಟ್ ಮುದ್ರಣಕ್ಕೆ ಕೊಟ್ಟೆ. ಸ್ಮಾರ್ಟ್ ಆಬ್ಜೆಕ್ಟ್‌ನ ಒಳಗಿನದು ಆರ್‌ಜಿಬಿಯಾಗಿಯೇ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣಕ್ರಮ) ಉಳಿದಿತ್ತು, ಹಾಗಾಗಿ ಅಕ್ಷರಗಳ ಕಪ್ಪು ಒಂದೇ ಶಾಯಿಯ ಕಪ್ಪಾಗದೆ ಸಿ 75, ಎಂ 68, ವೈ 67, ಕೆ 90 ಎಂದು ನಾಲ್ಕು ಪ್ಲೇಟುಗಳಿಗೂ ಹಂಚಿಹೋಯಿತು. ನೋಂದಣಿ, ಅಂದರೆ ಪ್ಲೇಟುಗಳ ಪರಸ್ಪರ ಹೊಂದಿಕೆ, ಸ್ವಲ್ಪ ಜಾರಿದ್ದೇ ತಡ, ವಧೂವರರ ಹೆಸರಿನ ಒತ್ತಕ್ಷರಗಳ ಸುತ್ತ ಕೆಂಪು, ನೀಲಿ ಅಂಚು ಕಾಣಿಸಿತು. 800 ಪತ್ರಿಕೆಗಳನ್ನು ಮತ್ತೆ ಮುದ್ರಿಸಿ ಕೊಡಬೇಕಾಯಿತು, ನೆನಪಿರುವಂತೆ 11 ಸಾವಿರ ರೂಪಾಯಿ ಕೈಯಿಂದ ಕಟ್ಟಿದೆ. ಅಂದಿನಿಂದ ಮುದ್ರಣದ ಅಕ್ಷರಗಳನ್ನು ಸಿಎಂವೈಕೆ ಫೈಲಿನಲ್ಲೇ ಹೊಸದಾಗಿ ಟೈಪ್ ಮಾಡಿ, ಕೆ 100 ಒಂದನ್ನೇ ಕೊಡುತ್ತೇನೆ. ಬಳ್ಳಿ, ಚೌಕಟ್ಟು ಮಾತ್ರ ಮೊಳೆ ಹೊಡೆದ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಹೋಗುತ್ತವೆ.

ನಡುವೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿಯೂ ಪ್ರಯತ್ನಿಸಿದೆ. ಲೇಯರ್ ಪಟ್ಟಿಯಿಂದ ಎಳೆದು ಇನ್ನೊಂದು ಚಿತ್ರದ ಮೇಲೆ ಬಿಡುವುದು ಅಲ್ಲಿಯೂ ಸಲೀಸು, ಆದರೆ ನನ್ನ ಫೋಟೋಶಾಪ್ ಫೈಲಿನ (ಪಿಎಸ್‌ಡಿ) ಸ್ಮಾರ್ಟ್ ಆಬ್ಜೆಕ್ಟ್ ಅಲ್ಲಿ ಬರಿಯ ಚಿತ್ರವಾಗಿ ಕುಳಿತಿತು, ಒಳಗೆ ತೆರೆದು ಹೆಸರು ತಿದ್ದಲು ಬರಲಿಲ್ಲ. ಹೆಸರು, ದಿನಾಂಕಗಳನ್ನು ಲಿಂಕ್ಡ್ (ಹೊರಗಿನ ಫೈಲಿಗೆ ಕೊಂಡಿ ಹಾಕಿದ) ಸ್ಮಾರ್ಟ್ ಆಬ್ಜೆಕ್ಟ್ ಆಗಿಯೂ ಇಟ್ಟು ನೋಡಿದೆ. ಒಂದು ಕಡೆ ತಿದ್ದಿದರೆ ಎಲ್ಲ ಶೀಟುಗಳಲ್ಲೂ ಬದಲಾಗುವುದು ನಿಜಕ್ಕೂ ಸೊಗಸು; ಆದರೆ ಹುಡುಗನೊಬ್ಬ ಫೋಲ್ಡರ್‌ನ ಹೆಸರು ಬದಲಿಸಿದ ದಿನ 30 ಶೀಟುಗಳ ಲಿಂಕ್‌ಗಳನ್ನು ಒಂದೊಂದಾಗಿ ಮರಳಿ ಜೋಡಿಸಬೇಕಾಯಿತು. ಈಗ ಎಂಬೆಡ್ ಮಾಡಿಯೇ, ಅಂದರೆ ಫೈಲಿನೊಳಗೇ ಸೇರಿಸಿ, ಇಡುತ್ತೇನೆ.

ಫೈಲ್ ಭಾರವಾಗುತ್ತದೆ ಎಂಬ ಗೆಳೆಯರ ಮಾತು ಸುಳ್ಳಲ್ಲ. 350 ಎಂಬಿ ಇದ್ದ ಶೀಟ್ 500ರ ಆಸುಪಾಸಿಗೆ ಏರುತ್ತದೆ. ಸುಮಾರು 3 ಸಾವಿರ ಕೊಟ್ಟು ರ್‍ಯಾಮ್ ಅನ್ನು 16 ಜಿಬಿಗೆ ಏರಿಸಿದ ಮೇಲೆ ಹ್ಯಾಂಗ್ ಆಗುವುದು ನಿಂತಿತು. ಎರಡು ಸಂಜೆ ಹಿಡಿಯುತ್ತಿದ್ದ ಮಿನಿ ಬುಕ್ ಈಗ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಅದಕ್ಕೆ ನಾನು ಪಡೆಯುವ 900 ರೂಪಾಯಿ ದರದಲ್ಲಿ ಒಂದು ಪೈಸೆಯನ್ನೂ ಇಳಿಸಿಲ್ಲ.