ಅಮೆರಿಕದ ವಿದ್ಯಾರ್ಥಿವೇತನಕ್ಕೆ ಪಠ್ಯೇತರ ಚಟುವಟಿಕೆಗಳನ್ನು ಬಳಸಿಕೊಳ್ಳುವ ಬಗೆ

ಅಮೆರಿಕದಲ್ಲಿ ಪದವಿ ಓದಬಯಸುವ ಪಿಯುಸಿ ವಿದ್ಯಾರ್ಥಿಗಳು ಮೊದಲು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಹಾರ್ವರ್ಡ್, ಯೇಲ್‌ನಂತಹ ಐವಿ ಲೀಗ್ (ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪು) ವಿಶ್ವವಿದ್ಯಾಲಯಗಳು ಪ್ರತಿಭೆಗಾಗಲಿ ಕ್ರೀಡೆಗಾಗಲಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಚಟುವಟಿಕೆಗಳು ಪ್ರವೇಶಕ್ಕೆ ನೆರವಾಗುತ್ತವೆಯೇ ಹೊರತು, ಹಣಕಾಸಿನ ನೆರವು ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡಿ ನಿರ್ಧಾರವಾಗುತ್ತದೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ವಿದ್ಯಾರ್ಥಿವೇತನವಾದರೋ ಓದಿನ ಜೊತೆಗೆ ನಾಯಕತ್ವ, ನೈತಿಕ ಬಲ ಮತ್ತು ದೈಹಿಕ ಚೈತನ್ಯವನ್ನೂ ಪರಿಗಣಿಸುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಆಯಾ ಸಂಸ್ಥೆಯ ಮಾನದಂಡವನ್ನು ಓದಿಕೊಳ್ಳಿ.

ಅನೇಕ ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳಿಗೆ ಜಾಗವಿದ್ದು, ಪ್ರತಿಯೊಂದರ ವಿವರಣೆಯೂ ಇಂಗ್ಲಿಷಿನ 150 ಅಕ್ಷರಗಳೊಳಗೆ ಮುಗಿಯಬೇಕು. ಹತ್ತನ್ನೂ ತುಂಬಲೇಬೇಕೆಂದಿಲ್ಲ, ಒಂದೆರಡು ದಿನದ ಶಿಬಿರಗಳನ್ನು ಪೋಣಿಸುವುದಕ್ಕಿಂತ ವರ್ಷಗಟ್ಟಲೆ ನಡೆಸಿದ ಒಂದೇ ಕೆಲಸಕ್ಕೆ ತೂಕ ಹೆಚ್ಚೆಂದು ನನ್ನ ಅಭಿಪ್ರಾಯ. ‘ಎನ್‌ಎಸ್‌ಎಸ್ ಸದಸ್ಯೆ, ಸಮಾಜಸೇವೆ ಮಾಡಿದ್ದೇನೆ’ ಎಂದರೆ ಓದುವವರಿಗೆ ಏನೂ ತಿಳಿಯದು, ‘ಪ್ರತಿ ಶನಿವಾರ ಸರ್ಕಾರಿ ಶಾಲೆಯ 12 ಮಕ್ಕಳಿಗೆ ಭಿನ್ನರಾಶಿ ಕಲಿಸಿದೆ, ಅಭ್ಯಾಸದ ಹಾಳೆಗಳನ್ನು ನಾನೇ ತಯಾರಿಸಿದೆ’ ಎಂದರೆ ಕೆಲಸವೂ ಹೊಣೆಯೂ ಕಾಣುತ್ತವೆ. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಎಂದರೇನೆಂದು ಅಲ್ಲಿಯವರಿಗೆ ಗೊತ್ತಿರುವುದಿಲ್ಲವಾದ್ದರಿಂದ, ಅದು ರಾಜ್ಯಮಟ್ಟದ ಪರೀಕ್ಷೆಯೆಂದು ಬಿಡಿಸಿ ಬರೆಯಬೇಕು.

ನಮ್ಮವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ: ಮನೆಯ ಜವಾಬ್ದಾರಿ ಮತ್ತು ಸಂಬಳದ ಕೆಲಸಕ್ಕೂ ಅರ್ಜಿಯಲ್ಲಿ ಪ್ರತ್ಯೇಕ ವರ್ಗಗಳಿವೆ. ಸಂಜೆ ಅಪ್ಪನ ಅಂಗಡಿಯ ಲೆಕ್ಕ ನೋಡಿಕೊಳ್ಳುವುದನ್ನೂ, ಹಾಸಿಗೆ ಹಿಡಿದ ಅಜ್ಜಿಯ ಆರೈಕೆಯನ್ನೂ ಸಂಕೋಚವಿಲ್ಲದೆ ನಮೂದಿಸಿ. ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಎಂಬುದನ್ನೂ ಕೇಳುತ್ತಾರೆ. ಈಗಿನಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತ ಬನ್ನಿ, ಶಿಫಾರಸು ಪತ್ರ ಬರೆಯುವ ಅಧ್ಯಾಪಕರಿಗೂ ಅದರ ಪ್ರತಿಯನ್ನು ಮುಂಚಿತವಾಗಿಯೇ ಕೊಡಿ.