ಗುಡ್ಡದ ಬುಡದಲ್ಲಿ, ನೆಲದ ಮೇಲೆ ಫ್ರೀ ಡಿಶ್: ನನ್ನ ಅನುಭವ

"ಗುಡ್ಡ ಅಡ್ಡ ಐತ್ರಿ. ಮಾಳಿಗಿ ಮ್ಯಾಲ ಹಾಕಿದ್ರ ಬರಂಗಿಲ್ಲ, ಇನ್ನ ನೆಲದ ಮ್ಯಾಲ ಹೆಂಗ ಬರ್ತೈತ್ರಿ?"

ಫ್ರೀ ಡಿಶ್ (ದೂರದರ್ಶನದ ಪುಕ್ಕಟೆ ಉಪಗ್ರಹ ಟಿವಿ) ಹಾಕಲು ಬಂದಿದ್ದ ಮೂರನೇ ಹುಡುಗ ಹೀಗೆ ಹೇಳಿ ಗಾಡಿ ಹತ್ತಿದ. ಮೊದಲ ಇಬ್ಬರೂ ಇದನ್ನೇ ಹೇಳಿದ್ದರು. ಈಗ ನಮ್ಮ ಹಿತ್ತಲಲ್ಲಿ, ಬಚ್ಚಲ ಗೋಡೆ ಪಕ್ಕ, ನೆಲದಿಂದ ಬರೀ ಎರಡೂವರೆ ಅಡಿ ಎತ್ತರದಲ್ಲಿ ಡಿಶ್ ನಿಂತಿದೆ. ಎರಡು ಮನೆಗೆ ಚಿತ್ರ ಬರುತ್ತಿದೆ. ಬಾಕ್ಸ್ ತೋರಿಸುವ ಸಿಗ್ನಲ್ ಕ್ವಾಲಿಟಿ ನೂರಕ್ಕೆ 70ರ ಮೇಲೇ ಇದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮೂರು ಗಂಗಾವತಿ ತಾಲ್ಲೂಕಿನಲ್ಲಿ, ಆನೆಗುಂದಿ ಕಡೆಗೆ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಗುಡ್ಡ. ನಮ್ಮ ಮನೆಗೆ ಸರಿಯಾಗಿ ಆಗ್ನೇಯಕ್ಕೇ ಆ ಗುಡ್ಡ ಬರುತ್ತದೆ. ಮನೆ ಹಳೇ ಮಣ್ಣಿನ ಮಾಳಿಗೆ. ಬೋಲ್ಟ್ ಹಾಕಿದರೆ ಮಳೆಗಾಲದಲ್ಲಿ ಸೋರುತ್ತದೆ. ಅದಕ್ಕಿಂತ ದೊಡ್ಡ ಕಾಟ ಮಂಗಗಳದ್ದು. 2019ರಲ್ಲಿ ಒಮ್ಮೆ ಮರಳು ಚೀಲದ ಭಾರ ಹೇರಿ ಮಾಳಿಗೆ ಮೇಲೆ ಡಿಶ್ ಇಟ್ಟಿದ್ದೆ. ಹನ್ನೊಂದು ದಿನಕ್ಕೆ ಒಂದು ಗಡವ ಅದರ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ತೋಳು ಹಿಡಿದು ಜೋತಾಡಿ ಬಗ್ಗಿಸಿಬಿಟ್ಟಿತು. ಸುಮಾರು 900 ರೂಪಾಯಿ ಹೋಯಿತು.

ಅದಕ್ಕೂ ಮುಂಚಿನ ಖರ್ಚು ಇನ್ನೂ ಜಾಸ್ತಿ. ದೂರದರ್ಶನದವರು 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 (ಆಂಟೆನಾದಿಂದಲೇ ಹಿಡಿಯುವ ಡಿಜಿಟಲ್ ಟಿವಿ) ಶುರು ಮಾಡಿದಾಗ ನನಗೆ ಆಸೆ ಹುಟ್ಟಿತು. ಅಪ್ಪ ನೆಟ್ಟಿದ್ದ 30 ಅಡಿ ಆಂಟೆನಾ ಪೈಪು ಇನ್ನೂ ಅಂಗಳದಲ್ಲೇ ಇತ್ತು, ಅದರ ಮೇಲೆ ಯುಎಚ್‌ಎಫ್ ಯಾಗಿ ಆಂಟೆನಾ ಕಟ್ಟಿದರಾಯಿತು ಅಂದುಕೊಂಡೆ. ಯಾಗಿಗೆ 700, ಬೂಸ್ಟರ್‌ಗೆ 450, ಟಿ2 ಬಾಕ್ಸ್‌ಗೆ 1,800 ಹತ್ತಿರ. ಮೂರು ರಾತ್ರಿ ಸ್ಕ್ಯಾನ್ ಮಾಡಿದೆ. ಒಂದು ಚಾನೆಲ್ ಕೂಡ ಬರಲಿಲ್ಲ. ಬೆಂಗಳೂರು ನಮಗೆ ನೇರ ಗೆರೆಯಲ್ಲೇ 300 ಕಿಲೋಮೀಟರ್ ಹತ್ತಿರ. ಅಷ್ಟು ದೂರಕ್ಕೆ ಭೂಮಿಯ ಬಾಗೇ ಅಡ್ಡ ಬರುತ್ತದೆ, ಬೂಸ್ಟರ್ ಏನು ಮಾಡೀತು? ಹಳೇ ಅನಲಾಗ್ ಸಿಗ್ನಲ್ ಆಗಿದ್ದರೆ ಗರಗರ ಅಂತ ಮಸುಕಾಗಿಯಾದರೂ ಏನೋ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಅದೂ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಅಷ್ಟರಲ್ಲಿ ಅನಲಾಗ್ ಟ್ರಾನ್ಸ್‌ಮಿಟರ್‌ಗಳೂ ಒಂದೊಂದಾಗಿ ಬಂದ್ ಆದವು. ಅವ್ವನಿಗೆ ಚಂದನ ಬೇಕು. ಕೇಬಲ್‌ಗೆ ತಿಂಗಳಿಗೆ 250 ಕೊಡುತ್ತಾ ಬಂದೆವು.

ಫ್ರೀ ಡಿಶ್ ಆದರೆ ಒಮ್ಮೆ ಹಾಕಿದರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಹಾಗಂತ ವಿಡಿಯೋ ನೋಡಿ ನಾನೇ ಕೈ ಹಾಕಿದೆ. ಇಲ್ಲೇ ಮೂರು ಭಾನುವಾರ ಕಳೆದುಕೊಂಡೆ. ಆ ಹಿಂದಿ ವಿಡಿಯೋಗಳೆಲ್ಲ ದೆಹಲಿ ಕಡೆಯವು. ಫ್ರೀ ಡಿಶ್ ಬರುವ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ, ಅದು ಎಲ್ಲರಿಗೂ ಒಂದೇ. ಆದರೆ ದೆಹಲಿಯಿಂದ ಅದು ಸುಮಾರು 52 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ದಿಕ್ಕು ಉತ್ತರದಿಂದ ಬಲಕ್ಕೆ ಎಣಿಸಿದರೆ 148ರ ಸುಮಾರು. ಗಂಗಾವತಿಯಿಂದ ಎತ್ತರ 63, ದಿಕ್ಕು 131. ನಾನು ಅವರ ಲೆಕ್ಕದಲ್ಲಿ ತಿರುಗಿಸುತ್ತಾ ಇದ್ದೆ. ಫೈಂಡರ್ ಮೀಟರ್ ಕುಯ್ಯೋ ಅನ್ನುತ್ತಿತ್ತು, ಬಾಕ್ಸ್‌ನಲ್ಲಿ ಸ್ಟ್ರೆಂತ್ 80 ತೋರಿಸುತ್ತಿತ್ತು, ಕ್ವಾಲಿಟಿ ಮಾತ್ರ ಮೇಲೇಳುತ್ತಿರಲಿಲ್ಲ. ಮೀಟರ್‌ಗೆ ಯಾವ ಉಪಗ್ರಹ ಅಂತ ಗೊತ್ತಾಗಲ್ಲ, ಯಾವುದು ಸಿಕ್ಕರೂ ಕೂಗುತ್ತದೆ. ಸ್ಟ್ರೆಂತ್ ನಂಬಬೇಡಿ, ಕ್ವಾಲಿಟಿ ಒಂದನ್ನೇ ನೋಡಿ. ಮೊಬೈಲ್ ಕಂಪಾಸನ್ನು ಕಬ್ಬಿಣದ ಪೈಪಿನ ಪಕ್ಕ ಹಿಡಿದಿದ್ದೂ ನನ್ನ ತಪ್ಪೇ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಹದಿನೈದು ಡಿಗ್ರಿ ವ್ಯತ್ಯಾಸ ತೋರಿಸಿತು.

ಆಮೇಲೆ ಕರೆಸಿದ ಫಿಟ್ಟರ್‌ಗಳಲ್ಲಿ ಇಬ್ಬರು ತಲಾ 350 ತೆಗೆದುಕೊಂಡು, ಗುಡ್ಡ ತೋರಿಸಿ ಹೋದರು. ಅವರಿಗೆ ಯಾಕೆ ಹಾಗನ್ನಿಸಿತು ಅಂತ ನನಗೆ ಈಗ ಗೊತ್ತು. ನಾವು ಹಾಕುವುದು ಆಫ್‌ಸೆಟ್ ಡಿಶ್. ಅದರ ಮುಖ ನೋಡುವ ಕಡೆಗೂ ಸಿಗ್ನಲ್ ಬರುವ ಕಡೆಗೂ ಸುಮಾರು 25 ಡಿಗ್ರಿ ಅಂತರ ಇರುತ್ತದೆ. ಸಿಗ್ನಲ್ 63 ಡಿಗ್ರಿ ಮೇಲಿಂದ ಇಳಿಯುತ್ತಿದ್ದರೂ ಡಿಶ್‌ನ ಮುಖ 38 ಡಿಗ್ರಿಗೆ ನೋಡುತ್ತಿರುತ್ತದೆ. ನಮ್ಮ ಗುಡ್ಡದ ನೆತ್ತಿ ನಾನು ಅಳೆದಂತೆ 40ರ ಹತ್ತಿರ. ಡಿಶ್ ಹಿಂದೆ ನಿಂತು ಕಣ್ಣು ಹಾಯಿಸಿದವರಿಗೆ ಅದು ಬಂಡೆಗೇ ಮುಖ ಮಾಡಿದಂತೆ ಕಾಣುತ್ತದೆ. ನಿಜವಾದ ದಾರಿ ಗುಡ್ಡದ ನೆತ್ತಿಗಿಂತ 20 ಡಿಗ್ರಿಗೂ ಮೇಲೆ, ಖಾಲಿ ಆಕಾಶದಲ್ಲಿದೆ. ಹಾಗಿದ್ದ ಮೇಲೆ ಮಾಳಿಗೆ ಯಾಕೆ? 36 ಸಾವಿರ ಕಿಲೋಮೀಟರ್ ದೂರದಿಂದ ಬರುವ ಸಿಗ್ನಲ್‌ಗೆ ನಮ್ಮ 12 ಅಡಿ ಮಾಳಿಗೆ ಯಾವ ಲೆಕ್ಕ?

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಕಾಕಾ ಅಂತೂ, "ತಮ್ಮಾ, ರೊಕ್ಕ ಕಳೀಬ್ಯಾಡ, ಕೇಬಲ್ಲೇ ಇರ್ಲಿ" ಅಂದರು. ಒಪ್ಪಿಸಿದ್ದು ಸೂರ್ಯ.

ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸನ್ ಔಟೇಜ್ ಅಂತ ಕೇಬಲ್‌ನವರು ಪಟ್ಟಿ ಓಡಿಸುತ್ತಾರೆ, ನೋಡಿರುತ್ತೀರಿ. ಆ ದಿನಗಳಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು, ಅದರ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಒಂದು ರಾತ್ರಿ ಮಲಗಿದ್ದಾಗ ಹೊಳೆಯಿತು. ಸೂರ್ಯ ಉಪಗ್ರಹದ ಹಿಂದೆ ಬರುತ್ತಾನೆ ಅಂದರೆ, ಆ ಹೊತ್ತಿನಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೋ ಉಪಗ್ರಹ ಅಲ್ಲೇ ಇದೆ ಅಂತ ಅಲ್ವಾ? ಬಿಸಿಲು ಬಿದ್ದ ಜಾಗಕ್ಕೆ ಸಿಗ್ನಲ್ ಬೀಳಲೇಬೇಕು. ಲೆಕ್ಕ ಹಾಕಿದೆ. ನಮ್ಮ ಕಡೆಗೆ ಅದು ಮಾರ್ಚ್ 13-14ರ ಆಸುಪಾಸು, ಬೆಳಗ್ಗೆ 11 ಕಾಲಿಗೆ. ಮತ್ತೆ ಸೆಪ್ಟೆಂಬರ್ ಕೊನೆಗೆ, 11ಕ್ಕೆ ಐದು ನಿಮಿಷ ಇರುವಾಗ.

ಮಾರ್ಚ್ 14ಕ್ಕೆ ಕಾಕಾನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. 11 ಕಾಲಿಗೆ ಹಿತ್ತಲ ತುಂಬ ಬಿಸಿಲು. ಗುಡ್ಡದ ನೆರಳು ನಮ್ಮ ಹತ್ತಿರಕ್ಕೂ ಬಂದಿರಲಿಲ್ಲ. ಆದರೆ ನಾನು ಮೊದಲು ಗುರುತು ಮಾಡಿದ್ದ ಜಾಗದಲ್ಲಿ ಬೇವಿನ ಟೊಂಗೆಯ ನೆರಳು ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಎಲೆಯೂ ಸಿಗ್ನಲ್ ತಿನ್ನುತ್ತದೆ, ಮಳೆಯಲ್ಲಿ ನೆಂದ ಎಲೆಯಂತೂ ಇನ್ನೂ ಜಾಸ್ತಿ. ನಾಲ್ಕು ಅಡಿ ಪಕ್ಕಕ್ಕೆ, ಬಚ್ಚಲ ಗೋಡೆ ಕಡೆ ಸರಿದೆ. ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದೆ.

ಎರಡು ಇಂಚಿನ ಜಿಐ ಪೈಪು, ಒಂದೂವರೆ ಅಡಿ ಗುಂಡಿ, ಅರ್ಧ ಚೀಲ ಸಿಮೆಂಟು. ತೂಗುಗುಂಡು ಹಿಡಿದು ಪೈಪು ನೆಟ್ಟಗೆ ನಿಲ್ಲಿಸಲು ಒಂದು ತಾಸು ಹಿಡಿಯಿತು. ಅದರಲ್ಲಿ ಅವಸರ ಮಾಡಬೇಡಿ. ಪೈಪು ಓರೆಯಾದರೆ ಡಿಶ್ ಹಿಂದಿನ ಡಿಗ್ರಿ ಗುರುತುಗಳೆಲ್ಲ ಸುಳ್ಳಾಗುತ್ತವೆ.

ಡಿಶ್ ತಿರುಗಿಸಿದಾಗ ಕ್ವಾಲಿಟಿ 20ಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹತ್ತಲಿಲ್ಲ. ಇದಕ್ಕೂ ಕಾರಣ ಆ ದೆಹಲಿ ವಿಡಿಯೋಗಳೇ. ಅವರಿಗೆ ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ 27 ಡಿಗ್ರಿ ಓರೆಯಾಗಿ ತಿರುಗಿಸಿದರೆ ಸಾಕು. ಭೂಮಧ್ಯ ರೇಖೆಗೆ ಹತ್ತಿರ ಬಂದಷ್ಟೂ ಓರೆ ಹೆಚ್ಚುತ್ತದೆ. ನಮಗೆ 46-47 ಡಿಗ್ರಿ, ಅಂದರೆ ಅರ್ಧ ಮಲಗಿಸಿದ ಹಾಗೆ. ನಮ್ಮ ಕಡೆಯ ಫಿಟ್ಟರ್‌ಗಳು ಎಲ್‌ಎನ್‌ಬಿಯನ್ನು ನೆಟ್ಟಗೆ ಹಾಕಿ ಹೋಗುವುದನ್ನು ನಾನೇ ನೋಡಿದ್ದೇನೆ. ಬಿಸಿಲಲ್ಲಿ ಚಿತ್ರ ಬರುತ್ತದೆ, ನಾಲ್ಕು ಹನಿ ಬಿದ್ದರೆ ಹೋಗುತ್ತದೆ. ಜನ ಮಳೆಯನ್ನು ಬೈಯುತ್ತಾರೆ. ನಾನು ಎಲ್‌ಎನ್‌ಬಿ ಹಿಡಿಕೆ ಸಡಿಲ ಮಾಡಿ ಬೆರಳಿನಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದೆ. ಕಿಟಕಿಯಿಂದ ಮಗಳು ಕೂಗಿ ಹೇಳುತ್ತಿದ್ದಳು. ಮೂವತ್ತು, ನಲವತ್ತೆರಡು, ಐವತ್ತೈದು, ಅರವತ್ತೆಂಟು. ಎದುರು ದಿಕ್ಕಿಗೆ ತಿರುಗಿಸಿದರೆ ಸೊನ್ನೆ. ಯಾವ ಕಡೆಗೆ ಅಂತ ನೀವೇ ತಿರುಗಿಸಿ ನೋಡಿ, ಎರಡೇ ನಿಮಿಷದ ಕೆಲಸ.

68ರಿಂದ 74ಕ್ಕೆ ಏರಿಸಲು ನಾನು ಒಂದು ಒದ್ದೆ ಬಟ್ಟೆ ಬಳಸಿದೆ. ಅದನ್ನು ಹೇಗೆ ಬಳಸುವುದು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇದರಲ್ಲಿ ಪಳಗಿದವರಿಗೆ ಇಷ್ಟು ಹೇಳಿದರೆ ಸಾಕು.

ಒಟ್ಟು ಖರ್ಚು: ಡಿಶ್, ಎಂಪೆಗ್-4 (ಹೊಸ ಬಗೆಯ ವಿಡಿಯೋ ತೆರೆಯುವ) ಬಾಕ್ಸ್, ವೈರು, ಪೈಪು, ಸಿಮೆಂಟು ಎಲ್ಲ ಸೇರಿ 2,300 ಚಿಲ್ಲರೆ. ಹಳೇ ಎಂಪೆಗ್-2 ಬಾಕ್ಸ್ ಯಾರಾದರೂ ಸುಮ್ನೆ ಕೊಟ್ಟರೂ ಬೇಡ, ಅದರಲ್ಲಿ ಎಂಪೆಗ್-4 ಚಾನೆಲ್‌ಗಳು ತೆರೆಯುವುದಿಲ್ಲ. ಎರಡು ತಿಂಗಳಾದ ಮೇಲೆ ಕಾಕಾ ತಾವೇ ಬಂದು, "ನಮಗೂ ಒಂದು ವೈರ್ ಎಳಿ" ಅಂದರು. ಎರಡು ವೈರ್ ಹಾಕಬಹುದಾದ ಟ್ವಿನ್ ಎಲ್‌ಎನ್‌ಬಿ 350ಕ್ಕೆ ತಂದು ಹಾಕಿದೆ. ಈಗ ಎರಡು ಮನೆ, ಎರಡು ಬಾಕ್ಸು, ಅವರವರ ಚಾನೆಲ್ ಅವರವರಿಗೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. 1975-76ರಲ್ಲಿ ಇಸ್ರೋದ ಸೈಟ್ (SITE) ಅನ್ನೋ ಉಪಗ್ರಹ ಟಿವಿ ಯೋಜನೆಯಲ್ಲಿ ನಮ್ಮ ಆಗಿನ ರಾಯಚೂರು ಜಿಲ್ಲೆಯ ಹಳ್ಳಿಗಳಿಗೂ ಟಿವಿ ಬಂದಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ. ಅಪ್ಪ ಅದನ್ನು ಪಕ್ಕದ ಊರಿಗೆ ನಡೆದು ಹೋಗಿ ನೋಡಿದ್ದರು. ಆ ಟಿವಿಗೆ ಕೋಳಿ ಜಾಲರಿಯಲ್ಲಿ ಮಾಡಿದ ಹತ್ತು ಅಡಿ ಕೊಡೆ ಇತ್ತು ಅಂತ ಸಾಯುವವರೆಗೂ ಹೇಳುತ್ತಿದ್ದರು. ಹಾಗಾದರೆ ನಾನೂ ಜಾಲರಿಯಲ್ಲಿ ಮಾಡಿ ನೋಡೋಣ ಅಂತ, ಮಂಗ ಬಗ್ಗಿಸಿದ ಡಿಶ್ ಮೇಲೆ ಜಾಲರಿ ಒತ್ತಿ ಅದೇ ಆಕಾರ ತೆಗೆದೆ. ಸಿಗ್ನಲ್ ಹನಿಯಷ್ಟೂ ಬರಲಿಲ್ಲ. ಆಗಿನ ಸಿಗ್ನಲ್ 860 ಮೆಗಾಹರ್ಟ್ಸ್, ಅಲೆ ಒಂದು ಅಡಿಗಿಂತ ಉದ್ದ, ಜಾಲರಿ ಅದಕ್ಕೆ ಗೋಡೆ ಇದ್ದ ಹಾಗೆ. ಈಗಿನದು ಎರಡೂವರೆ ಸೆಂಟಿಮೀಟರ್ ಅಲೆ. ಕೋಳಿ ಜಾಲರಿಯ ಕಣ್ಣಲ್ಲಿ ಸಲೀಸಾಗಿ ನುಸುಳಿ ಹೋಗುತ್ತದೆ. ಸೊಳ್ಳೆ ಪರದೆಯ ಕಬ್ಬಿಣದ ಜಾಲರಿಯಲ್ಲಿ ಮಾಡಿದರೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಈ ಬೇಸಿಗೆಗೆ ಮಾಡಿ ನೋಡಬೇಕು.

ನೆಲದ ಡಿಶ್‌ಗೆ ತೊಂದರೆ ಇಲ್ಲ ಅಂತಲ್ಲ. ಕರು ತಲೆ ಉಜ್ಜುತ್ತದೆ. ಅದಕ್ಕೆ ಸುತ್ತ ಮುಳ್ಳು ಕಟ್ಟಿದ್ದೇನೆ. ಒಮ್ಮೆ ಕಣಜ ಎಲ್‌ಎನ್‌ಬಿ ಮುಚ್ಚಳದ ಮೇಲೆ ಮಣ್ಣಿನ ಗೂಡು ಕಟ್ಟಿ ಕ್ವಾಲಿಟಿ 50ಕ್ಕೆ ಇಳಿದಿತ್ತು. ಅದನ್ನು ಕೆರೆದು ತೆಗೆಯಲು ಏಣಿ ಬೇಕಾಗಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ, ಬೆಳಗ್ಗೆ 11 ದಾಟಿದ ಮೇಲೆ ಕಾಕಾನ ಮನೆಯಿಂದ ಕೂಗು ಬಂತು, ಚಿತ್ರ ನಿಂತಿದೆ ಅಂತ. ನಾನು ಬಾಕ್ಸ್ ಮುಟ್ಟಲೇ ಇಲ್ಲ. ಅವರನ್ನೂ ಕರೆದುಕೊಂಡು ನೇರ ಹಿತ್ತಲಿಗೆ ಓಡಿದೆ. ಎಲ್‌ಎನ್‌ಬಿಯ ನೆರಳು ಡಿಶ್‌ನ ಕೆಳಗಿನ ಅಂಚಿನ ಹತ್ತಿರ ಬಿದ್ದಿತ್ತು. ಎಲ್‌ಎನ್‌ಬಿ ಮುಚ್ಚಳದ ಮೇಲೆ ಡಿಶ್‌ನಿಂದ ಚಿಮ್ಮಿದ ಬೆಳಕು ಎಂಟಾಣೆ ಅಗಲಕ್ಕೆ ಬೆಳ್ಳಗೆ ಹೊಳೆಯುತ್ತಿತ್ತು. ಸರಿಯಾಗಿ ನಡುಮಧ್ಯಕ್ಕೆ. ಇಬ್ಬರೂ ನಿಂತು ನೋಡಿದೆವು. ಆ ಬೆಳಕು ಮೆಲ್ಲಗೆ ಒಂದು ಬದಿಗೆ ಸರಿಯಿತು. ಆರೇಳು ನಿಮಿಷಕ್ಕೆ ಒಳಗಿನಿಂದ ಚಂದನದ ದನಿ ಮತ್ತೆ ಕೇಳಿಸಿತು.