ಸುರುಳಿ ಬಿಚ್ಚಿಕೊಂಡ ರೆಕ್ಕೆಗಳು: ಫೀನೋಟೈಪ್ ಅಳೆಯಲು ಕಲಿತ ನನ್ನ ಅನುಭವ

ಹಳೆಯ ಮೊಬೈಲಿನ ಕ್ಯಾಮೆರಾದಲ್ಲಿ ನೊಣಗಳ ಏರಿಕೆಯನ್ನು, ಅಂದರೆ ಅವುಗಳ ಒಂದು ಫೀನೋಟೈಪನ್ನು (ಹೊರಗೆ ಕಾಣುವ ಲಕ್ಷಣವನ್ನು), ಅಳೆಯುವ ಈ ವಿಧಾನ ಫಲಿಸದು ಎಂದು ಪ್ರಯೋಗಾಲಯದ ಹಿರಿಯರು ಕನಿಷ್ಠ ಮೂರು ಸಲ ಹೇಳಿದ್ದರಿಂದ, ಫಲಿಸಿದ ಮೇಲೆ ಅದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಪಿಂಕ್-1 ಜೀನ್ ಕೆಟ್ಟ ಹಣ್ಣುನೊಣಗಳು ಕೊಳವೆಯ ಗೋಡೆಯನ್ನು ಸರಿಯಾಗಿ ಏರಲಾರವು ಎಂಬುದು 2006ರಿಂದಲೇ ತಿಳಿದಿರುವ ಸಂಗತಿ. ಮನುಷ್ಯರಲ್ಲಿ ಇದೇ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಲ್ಲದು. ಎರಡನೆಯ ವರ್ಣತಂತುವಿನಲ್ಲಿರುವ ಇನ್ನೊಂದು ಮ್ಯುಟೇಶನ್ (ಜೀನಿನಲ್ಲಾದ ಬದಲಾವಣೆ) ನೊಣಗಳ ಈ ದೋಷವನ್ನು ತಗ್ಗಿಸುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೊದಲ ಐದು ತಿಂಗಳು ಪೂರ್ತಿ ವ್ಯರ್ಥವಾದವು. ಆ ಮ್ಯುಟೇಶನ್ನಿನ ಒಂದೇ ಪ್ರತಿಯಿರುವ ನೊಣದಲ್ಲಿ, ಅದರ ಜೋಡಿ ವರ್ಣತಂತು ಗುರುತಿಗೆಂದು ರೆಕ್ಕೆಯನ್ನು ಸುರುಳಿಯಾಗಿಸುವ ಜೀನನ್ನು ಹೊತ್ತಿರುತ್ತದೆ. ಸುರುಳಿ ರೆಕ್ಕೆಯ ನೊಣದಲ್ಲಿ ಆ ಮ್ಯುಟೇಶನ್ನಿನ ಒಂದೇ ಪ್ರತಿ, ನೇರ ರೆಕ್ಕೆಯದರಲ್ಲಿ ಎರಡು ಪ್ರತಿ ಎಂದು ಎಲ್ಲರಂತೆ ನಾನೂ ವಿಂಗಡಿಸುತ್ತ ಹೋದೆ. ಎರಡು ಗುಂಪುಗಳ ಏರಿಕೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸುರುಳಿಯ ಎರಡು ಪ್ರತಿ ಪಡೆದ ನೊಣ ಬದುಕುವುದಿಲ್ಲವಾದ್ದರಿಂದ, ಬದುಕಿದ ಮೂರರಲ್ಲಿ ಎರಡು ಸುರುಳಿ ರೆಕ್ಕೆಯವಾಗಿರಬೇಕು. ಒಂದು ಸಂಜೆ ಹಳೆಯ ಎಣಿಕೆಗಳನ್ನೆಲ್ಲ ಕೂಡಿಸಿ ನೋಡಿದಾಗ ಅವು ಅರ್ಧದಷ್ಟೇ ಇದ್ದವು. ಸೂಕ್ಷ್ಮದರ್ಶಕದಡಿ ಮತ್ತೆ ಪರೀಕ್ಷಿಸಿದರೆ, ನಾನು ನೇರವೆಂದು ಬರೆದಿದ್ದ ಹಲವು ರೆಕ್ಕೆಗಳ ತುದಿಯಲ್ಲಿ ಮಾತ್ರ, ಹಳೆಯ ಪುಸ್ತಕದ ಪುಟದ ಮೂಲೆ ಎದ್ದಂತೆ, ಸಣ್ಣ ಬಾಗು ಉಳಿದಿತ್ತು. ಇನ್ಕ್ಯುಬೇಟರಿನ ಫಲಕ 25 ಡಿಗ್ರಿ ತೋರಿಸುತ್ತಿತ್ತು, ಆದರೆ ಒಳಗೆ ಇಟ್ಟ ಥರ್ಮಾಮೀಟರು ಸುಮಾರು 19 ಎಂದಿತು. ಆ ಚಳಿಯಲ್ಲಿ ಸುರುಳಿ ರೆಕ್ಕೆಯ ಲಕ್ಷಣ ಮಂಕಾಗುತ್ತದೆ. ಹತ್ತು ದಿನಕ್ಕೆ ಹೊರಬರಬೇಕಾದ ನೊಣಗಳು ಹದಿನೇಳು ದಿನ ಹಿಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ನೊಣಗಳ ಆಹಾರದಲ್ಲಿನ ಯೀಸ್ಟನ್ನು ದೂರಿ, ಹೊಸ ಯೀಸ್ಟ್ ತರಿಸಿ, ಇನ್ನಷ್ಟು ದುಡ್ಡು ಸುರಿದೆ. ವರ್ಷದ ಬಳಕೆ ಸಾಮಗ್ರಿಗೆಂದು ಇಟ್ಟಿದ್ದ ಹಣದ ಮೂರನೆಯ ಒಂದು ಭಾಗ ಹೀಗೆ ಕರಗಿತು.

ಜೀನೋಟೈಪ್ (ಜೀವಿ ಹೊತ್ತಿರುವ ಜೀನುಗಳು) ಬದಲಾಗದೆಯೇ ಫೀನೋಟೈಪ್ ಬದಲಾಗಬಲ್ಲದು ಎಂಬ ಪಾಠವನ್ನು ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. 1909ರಲ್ಲಿ ಈ ಎರಡೂ ಪದಗಳನ್ನು ಕೊಟ್ಟ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸೆನ್ ಹುರುಳಿಕಾಯಿಯ ಶುದ್ಧ ತಳಿಗಳಲ್ಲಿ ಕಂಡದ್ದೂ ಇದನ್ನೇ: ಒಂದೇ ತಳಿಯ ದಪ್ಪ ಬೀಜ ಬಿತ್ತಿದರೂ ಸಣ್ಣ ಬೀಜ ಬಿತ್ತಿದರೂ ಮುಂದಿನ ಪೀಳಿಗೆಯ ಸರಾಸರಿ ತೂಕ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಕೊಳವೆಯ ಮೇಲೆ ಅಂಟಿಸಿದ ಚೀಟಿಯನ್ನು ಫೀನೋಟೈಪ್ ಎಂದುಕೊಂಡದ್ದು ನನ್ನ ತಪ್ಪು. ಯಾವ ತಾಪಮಾನದಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಹೊತ್ತಿನಲ್ಲಿ ಅಳೆದದ್ದು ಎಂಬುದನ್ನು ಬಿಟ್ಟು ಬರೆದ 'ಏರಿಕೆ ಕಡಿಮೆ' ಎಂಬ ಸಾಲಿಗೆ ಅರ್ಥವಿಲ್ಲ.

ಎರಡನೆಯ ಸುತ್ತಿನಲ್ಲಿ ಸ್ವಯಂಚಾಲಿತ ಟ್ರ್ಯಾಕಿಂಗ್ ಯಂತ್ರ ಕೊಳ್ಳಲೇಬೇಕೆಂದು ಹಿರಿಯರು ಒತ್ತಾಯಿಸಿದರು. ಅದರ ಬೆಲೆ ನಮ್ಮ ಇಡೀ ವರ್ಷದ ಸಾಮಗ್ರಿ ವೆಚ್ಚದಷ್ಟಿತ್ತು. ನಾನು ಹಳೆಯ ಮೊಬೈಲಿನ ಕ್ಯಾಮೆರಾ, ರಟ್ಟಿನ ಚೌಕಟ್ಟು ಮತ್ತು ಕೊಳವೆಯ ಮೇಲೆಳೆದ ಒಂದು ಗೆರೆಯಲ್ಲಿ ಕೆಲಸ ಮುಗಿಸಿದೆ. ವಿಂಗಡಿಸುವಾಗ ಮಂಪರಿಗೆಂದು ಕಾರ್ಬನ್ ಡೈಆಕ್ಸೈಡ್ ಕೊಟ್ಟ ನೊಣಗಳಿಗೆ ಇಡೀ ದಿನ ಬಿಡುವು ಕೊಟ್ಟು, ಕೊಳವೆಗೆ ಹತ್ತರಂತೆ ಹಾಕಿ, ಬೆಳಗಿನ ಒಂದೇ ಹೊತ್ತಿನಲ್ಲಿ ನೊಣಗಳು ತಳಕ್ಕೆ ಬೀಳುವಂತೆ ಕೊಳವೆ ತಟ್ಟಿ, ಹತ್ತು ಸೆಕೆಂಡಿನಲ್ಲಿ ಗೆರೆ ದಾಟಿದವನ್ನು ಎಣಿಸಿದೆ. ಎಲ್ಲ ಕೊಳವೆಗಳಿಗೂ ಒಂದೇ ಬಲದ ತಟ್ಟು ಬೀಳುವಂತೆ ಮಾಡುವ ಉಪಾಯವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗುಂಪಿನ ಹೆಸರು ಮುಚ್ಚಿ ವಿಡಿಯೊಗಳಲ್ಲಿನ ಎಣಿಕೆಯನ್ನು ಆ ಹಿರಿಯರ ಕೈಯಲ್ಲೇ ಮಾಡಿಸಿದೆ. ನೇರ ರೆಕ್ಕೆಯವುಗಳಲ್ಲಿ ಹತ್ತಕ್ಕೆ ಆರೇಳು, ಸುರುಳಿಯವುಗಳಲ್ಲಿ ಮೂರರಷ್ಟು ದಾಟಿದ್ದವು. ಅವರು ಎರಡನೆಯ ಸಲವೂ ಎಣಿಸಿದರು.

ನಡುವೆ ಒಂದು ಅಡ್ಡಪ್ರಯೋಗವನ್ನೂ ಮಾಡಿದೆ. ನೊಣಗಳು ಮೇಲಿನ ದೀಪದತ್ತ ಹೋಗುತ್ತಿವೆಯೇ ಹೊರತು ಏರುತ್ತಿಲ್ಲ ಎಂಬ ಆಕ್ಷೇಪ ಬಂದಿತ್ತು. ಅವುಗಳ ಕಣ್ಣಿಗೆ ಕೆಂಪು ಬೆಳಕು ಬಹಳ ಮಂದವಾಗಿ ಮಾತ್ರ ತಾಕುವುದರಿಂದ, ಮಸುಕು ಕೆಂಪು ದೀಪದಲ್ಲಿ ಮತ್ತೆ ಅಳೆದೆ. ವ್ಯತ್ಯಾಸ ಸ್ವಲ್ಪ ಕುಗ್ಗಿತೇ ಹೊರತು ಅಳಿಸಿಹೋಗಲಿಲ್ಲ. ಒಂದೇ ಕೊಳವೆಯಲ್ಲಿ ವಿಪರೀತ ಮರಿಹುಳುಗಳನ್ನು ತುಂಬಿ ಬೆಳೆಸಿದಾಗ ಮಾತ್ರ ಎಲ್ಲ ಗುಂಪುಗಳ ನೊಣಗಳೂ ಕುಬ್ಜವಾಗಿ ಹುಟ್ಟಿ ಅಂಕಿಗಳು ಕಲಸಿಹೋದವು. ಈಗ ಕೊಳವೆಗಳು 29 ಡಿಗ್ರಿಯಲ್ಲಿವೆ, ಎರಡು ಥರ್ಮಾಮೀಟರುಗಳ ಜೊತೆಗೆ.